ವೈದ್ಯರ ಅರ್ಹತೆಯನ್ನು ಅರಿತು ಚಿಕಿತ್ಸೆ ಪಡೆಯಿರಿ



ಸ್ತನದಲ್ಲಿ ನೋವಿಲ್ಲದ ಗಂಟು, ಮುಟ್ಟು ನಿಂತ ಬಳಿಕ ರಕ್ತಸ್ರಾವ, ಬಾಯಿಯಲ್ಲಿ ಮಾಯದ ಹುಣ್ಣು, ಇವು ಕಂಡೊಡನೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬನ್ನಿರಿ. ಕ್ಯಾನ್ಸರ್ ರೋಗವನ್ನು ಆರಂಭದಲ್ಲಿಯೇ ಗುರುತಿಸಿದಲ್ಲಿ ಗುಣವಾಗುವ ಸಾಧ್ಯತೆ ಅಧಿಕ. ಅನರ್ಹರ ಕೈಯಲ್ಲಿ ಕಳೆದ ತಿಂಗಳುಗಳನ್ನು ಯಾವ ಔಷಧವೂ ಮರಳಿ ತಂದುಕೊಡಲಾರದು.

ಎತ್ತನ್ನು ಕೊಳ್ಳುವಾಗ ಹಲ್ಲೆಣಿಸಿ ನೋಡುವ ನಾವು, ಪ್ರಾಣವನ್ನೊಪ್ಪಿಸುವಾಗ ವೈದ್ಯರ ಅರ್ಹತೆಯನ್ನು ವಿಚಾರಿಸಲು ಸಂಕೋಚಪಡಬಾರದು. ಎಂ.ಬಿ.ಬಿ.ಎಸ್. ಮೂಲ ಪದವಿ. ಅದರ ಮೇಲೆ ಕ್ಯಾನ್ಸರ್ ಶಸ್ತ್ರಚಿಕಿತ್ಸೆಗೆ ಎಂ.ಸಿಎಚ್., ಔಷಧ ಚಿಕಿತ್ಸೆಗೆ ಡಿ.ಎಂ., ವಿಕಿರಣ ಚಿಕಿತ್ಸೆಗೆ ಎಂ.ಡಿ. ಮುಂತಾದ ವಿಶೇಷ ಪದವಿಗಳುಂಟು. ಔಷಧ ಚೀಟಿಯಲ್ಲಿ ವೈದ್ಯರ ನೋಂದಣಿ ಸಂಖ್ಯೆ ಇರತಕ್ಕದ್ದು. ಅದನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿನ ದಾಖಲೆಯೊಡನೆ ತಾಳೆ ನೋಡಿರಿ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಪಟ್ಟಿಯನ್ನು ಓದುಬಲ್ಲ ಮಕ್ಕಳಿಂದ ಅಂತರಜಾಲದಲ್ಲಿ ನೋಡಿಸಬಹುದು.

ಕ್ಯಾನ್ಸರ್ ವಾಸಿಮಾಡುವುದೆಂದು ಔಷಧವನ್ನು ಜಾಹೀರುಪಡಿಸುವುದನ್ನು 1954ರ ಕಾಯಿದೆಯೇ ನಿಷೇಧಿಸಿದೆ. ಅಂತಹ ಕರಪತ್ರಗಳನ್ನು ನಂಬಿ ಹೊಲ, ಒಡವೆಗಳನ್ನು ಅಡವಿಡಬೇಡಿರಿ. ಸಂದೇಹ ಬಂದರೆ ನಮ್ಮನ್ನು ಕೇಳಿರಿ. 1973ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಯಂತಹ ಸರ್ಕಾರಿ ಆಸ್ಪತ್ರೆಗೆ ಬರೆದುಕೊಡುತ್ತೇವೆ. ಪತಿಪತ್ನಿಯರು ಕೂಡಿ ವಿಚಾರಿಸಿರಿ, ವಿಳಂಬ ಮಾಡದಿರಿ.