ಮೊಬೈಲ್ ಮೂಲಕ ಕೃಷಿ ಸಲಹೆ: ರೈತನ ಪ್ರಶ್ನೆಗೂ ದಾರಿ ಇರಲಿ

(ಮಿಡಿಗೇಶಿ ಹೋಬಳಿಯ ರೈತರ ಹಾಗೂ ವಿಸ್ತರಣಾ ಕಾರ್ಯಕರ್ತರ ಸಭೆಯಲ್ಲಿ ಬೇಸಾಯಶಾಸ್ತ್ರದ ಉಪನ್ಯಾಸಕರೊಬ್ಬರು ಮಾಡಿದ ಭಾಷಣದ ಪಠ್ಯ)



ಬೇಸಾಯಶಾಸ್ತ್ರದ ಅಧ್ಯಾಪಕನಾದ ನಾನು ಇಂದು ಬಿತ್ತನೆಯ ಅಂತರವನ್ನಾಗಲಿ ಗೊಬ್ಬರದ ಪ್ರಮಾಣವನ್ನಾಗಲಿ ಕುರಿತು ಮಾತನಾಡುವುದಿಲ್ಲ. ಆ ವಿಷಯಗಳು ನಿಮ್ಮ ಬಳಿಗೆ ಬರುವ ದಾರಿಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಕೃಷಿ ಇಲಾಖೆ, ವಿಶ್ವವಿದ್ಯಾನಿಲಯ, ಕೃಷಿ ವಿಜ್ಞಾನ ಕೇಂದ್ರ, ಮಾರುಕಟ್ಟೆ ಸಮಿತಿ, ಬ್ಯಾಂಕು, ವಿಮಾ ಕಂಪನಿ, ಬೀಜ ಮತ್ತು ಔಷಧಿ ಮಾರುವವರು, ಹೀಗೆ ಎಲ್ಲರೂ ಈಗ ಮೊಬೈಲಿನೊಳಗೆ ಬಂದು ಕುಳಿತಿದ್ದಾರೆ. ವಾಟ್ಸಾಪ್ ಗುಂಪು, ಯೂಟ್ಯೂಬ್ ವಾಹಿನಿ, ಬಗೆಬಗೆಯ ಆಪ್‌ಗಳು ಇವರ ಸಾಧನಗಳು. ವರ್ಷದ ಕೊನೆಗೆ ಪ್ರತಿಯೊಂದು ಸಂಸ್ಥೆಯೂ ಇಷ್ಟು ಸಾವಿರ ರೈತರನ್ನು ತಲುಪಿದೆವು ಎಂದು ವರದಿ ಬರೆಯುತ್ತದೆ. ಮೊಬೈಲನ್ನು ತಲುಪಿದ್ದು ನಿಜ. ಹೊಲವನ್ನು ತಲುಪಿತೇ ಎಂಬುದನ್ನು ಬೇರೆಯಾಗಿಯೇ ಕೇಳಬೇಕಾಗುತ್ತದೆ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಮಧುಗಿರಿ, ಶಿರಾ, ಪಾವಗಡದ ಕೆಂಪು ಮಣ್ಣಿನಲ್ಲಿ ಕಡಲೆಕಾಯಿ ಬೆಳೆಯುವವರಿಗೆ ಕೆಂಪು ಕಂಬಳಿಹುಳುವನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಬೇಸಿಗೆಯೆಲ್ಲ ಇದು ಬದುವಿನಲ್ಲಿ, ಮರದ ಬುಡದಲ್ಲಿ, ಮಣ್ಣಿನೊಳಗೆ ಕೋಶವಾಗಿ ಮಲಗಿರುತ್ತದೆ. ಮುಂಗಾರಿನ ಮೊದಲ ಹದಮಳೆ ನೆಲವನ್ನು ತೋಯಿಸಿದ ಮೇಲೆ ಕೆಲವೇ ದಿನಗಳೊಳಗೆ ಪತಂಗಗಳು ಒಟ್ಟಿಗೆ ಹೊರಬರುತ್ತವೆ, ಕತ್ತಲಾದ ಮೇಲೆ ದೀಪಕ್ಕೆ ಮುತ್ತುತ್ತವೆ. ಹೆಣ್ಣು ಪತಂಗ ಎಲೆಗಳ ಅಡಿಭಾಗದಲ್ಲಿ ಗುಂಪುಗುಂಪಾಗಿ ನೂರಾರು ಮೊಟ್ಟೆಗಳನ್ನಿಡುತ್ತದೆ. ಮೂರರಿಂದ ಐದು ದಿನಗಳಲ್ಲಿ ಮೊಟ್ಟೆಯೊಡೆದು ಬಂದ ಮರಿಗಳು ಮೊದಮೊದಲು ಒಂದೇ ಎಲೆಯ ಮೇಲೆ ಗುಂಪಾಗಿ ಮೇಯುತ್ತವೆ. ಆಗ ಆ ಎಲೆಯನ್ನು ಕಿತ್ತು ನಾಶಮಾಡುವುದು ಸುಲಭ. ಮೈಮೇಲೆ ಕೂದಲು ಬೆಳೆದು ಹೊಲದಿಂದ ಹೊಲಕ್ಕೆ ಪಯಣ ಹೊರಟ ಮೇಲೆ ಔಷಧಿಗೂ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ.

ಆದ್ದರಿಂದ ಈ ಕೀಟದ ವಿಷಯದಲ್ಲಿ ಸಲಹೆಗೆ ಬೆಲೆಯಿರುವುದು ಮಳೆ ಬಿದ್ದ ಆ ಕೆಲವು ಸಂಜೆಗಳಲ್ಲಿ ಮಾತ್ರ. ಅದೂ ಇಡೀ ಊರಿಗೆ ಒಟ್ಟಿಗೆ ತಲುಪಬೇಕು. ಒಬ್ಬನೇ ತನ್ನ ಹೊಲದಲ್ಲಿ ದೀಪದ ಬಲೆ ಇಟ್ಟರೆ ಸುತ್ತಲಿನ ಪತಂಗಗಳು ಅವನ ಕಡೆಗೇ ಬರುವ ಸಂಭವವುಂಟು. ಅಂಚೆಯಲ್ಲಿ ಕಳುಹಿಸಿದ ಕರಪತ್ರ ಈ ಕೆಲಸ ಮಾಡಲಾರದು. ನಮ್ಮ ಈ ಮಾಸಪತ್ರಿಕೆಯೂ ಮಾಡಲಾರದು ಎಂದು ಒಪ್ಪಿಕೊಳ್ಳಬೇಕು. ಒಂದು ಗಂಟೆಯಲ್ಲಿ ಹೋಬಳಿಗೆಲ್ಲ ಹರಡುವ ವಾಟ್ಸಾಪ್ ಸಂದೇಶ ಮಾಡಬಲ್ಲದು. ಆದರೆ ಆ ಸಂದೇಶ ಬರೆಯುವವನಿಗೆ ಯಾವ ಊರಿನಲ್ಲಿ ಹದಮಳೆಯಾಯಿತು, ಎಲ್ಲಿ ಪತಂಗ ಕಂಡಿತು ಎಂಬುದು ಗೊತ್ತಾಗಬೇಕಲ್ಲ? ಅದನ್ನು ಹೇಳಬೇಕಾದವರು ನೀವು. ನೀವು ಹೇಳಲು ದಾರಿಯಿಲ್ಲದಿದ್ದರೆ ಸಂದೇಶ ಒಂದು ವಾರ ಮೊದಲೋ ಒಂದು ವಾರ ತಡವಾಗಿಯೋ ಬರುತ್ತದೆ. ಎರಡೂ ಒಂದೇ.

ಹೋಗುವ ದಾರಿಯ ಜೊತೆಗೆ ಬರುವ ದಾರಿಯೂ ಬೇಕೆಂಬುದು ಹೊಸ ವಿಚಾರವಲ್ಲ. 1956ರಲ್ಲಿ ಆಕಾಶವಾಣಿಯು ಯುನೆಸ್ಕೋ ನೆರವಿನಿಂದ ಪುಣೆಯ ಸುತ್ತಲಿನ ಜಿಲ್ಲೆಗಳ 150 ಹಳ್ಳಿಗಳಲ್ಲಿ ರೇಡಿಯೋ ಕೃಷಿಕರ ಕೂಟಗಳನ್ನು ನಡೆಸಿತು. ಕೂಟದವರು ಒಟ್ಟಿಗೆ ಕುಳಿತು ಕಾರ್ಯಕ್ರಮ ಕೇಳುವುದು, ಚರ್ಚಿಸುವುದು, ಸಂದೇಹಗಳನ್ನು ಬರೆದು ನಿಲಯಕ್ಕೆ ಕಳುಹಿಸುವುದು, ನಿಲಯವು ಮುಂದಿನ ಪ್ರಸಾರದಲ್ಲಿ ಉತ್ತರ ಕೊಡುವುದು, ಇದು ಅದರ ಕ್ರಮ. ಪೋಸ್ಟ್ ಕಾರ್ಡಿನ ಕಾಲದಲ್ಲಿ ಅಷ್ಟು ಸಾಧ್ಯವಾಗಿತ್ತು. 1975ರ ಆಗಸ್ಟ್‌ನಿಂದ ಒಂದು ವರ್ಷ ಉಪಗ್ರಹದ ಮೂಲಕ ದೇಶದ ಸುಮಾರು 2400 ಹಳ್ಳಿಗಳಿಗೆ ಟೆಲಿವಿಷನ್ ಕಾರ್ಯಕ್ರಮಗಳು ಬಂದವು. ನಮ್ಮ ರಾಜ್ಯದಲ್ಲಿ ಅಂದಿನ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿ ಸೇರಿದ್ದವು. ಚಿತ್ರ ಬಂದದ್ದು ದೊಡ್ಡ ಸಂಗತಿಯೇ ಸರಿ. ಆದರೆ ಹಳ್ಳಿಯವನು ಆ ಪೆಟ್ಟಿಗೆಗೆ ತಿರುಗಿ ಪ್ರಶ್ನೆ ಹಾಕುವಂತಿರಲಿಲ್ಲ.

ಈಗ ನಿಮ್ಮ ಜೇಬಿನಲ್ಲಿರುವ ಯಂತ್ರಕ್ಕೆ ಕಿವಿಯೂ ಉಂಟು, ಬಾಯಿಯೂ ಉಂಟು. ಆದರೂ ಬಹುಪಾಲು ಸಂಸ್ಥೆಗಳು ಇದನ್ನು ಪಂಚಾಯಿತಿ ಕಟ್ಟೆಯ ಸೂಚನಾ ಫಲಕದಂತೆಯೇ ಬಳಸುತ್ತಿವೆ. ಸುತ್ತೋಲೆಯ ಫೋಟೋ ತೆಗೆದು ಹಾಕುತ್ತಾರೆ, ಸಮಾರಂಭದ ಹಾರ ತುರಾಯಿಗಳ ಫೋಟೋ ಹಾಕುತ್ತಾರೆ. ಗುಂಪಿನಲ್ಲಿ ನಿರ್ವಾಹಕರು ಮಾತ್ರ ಬರೆಯುವಂತೆ ಬೀಗ ಹಾಕಿಬಿಡುತ್ತಾರೆ. ಬೀಗ ಹಾಕುವುದಕ್ಕೆ ಕಾರಣವಿಲ್ಲದಿಲ್ಲ. ಬೆಳಗಿನ ಶುಭಾಶಯ, ದೇವರ ಪಟ, ಚುನಾವಣೆಯ ಜಗಳಗಳ ನಡುವೆ ಕೃಷಿಯ ಮಾತು ಮುಳುಗಿಹೋಗುತ್ತದೆ. ಹಾಗೆಂದು ಬಾಗಿಲನ್ನು ಪೂರ್ತಿ ಮುಚ್ಚುವುದು ನನಗೆ ಸರಿಕಾಣುವುದಿಲ್ಲ. ವಾರದಲ್ಲಿ ಎರಡು ಸಂಜೆ ಒಂದೊಂದು ಗಂಟೆಯ ಕಾಲ ಗುಂಪನ್ನು ತೆರೆದಿಟ್ಟು, ಪ್ರಶ್ನೆಗಳಿಗೆ ಮಾತ್ರ ಅವಕಾಶವೆಂದು ಹೇಳಿ, ಉತ್ತರ ಕೊಡಬಲ್ಲ ಒಬ್ಬರು ಆ ಹೊತ್ತಿನಲ್ಲಿ ಕುಳಿತಿದ್ದರೆ ಸಾಕು. ಉತ್ತರ ಗೊತ್ತಿಲ್ಲದಿದ್ದರೆ ನಾಳೆ ಕೇಳಿ ಹೇಳುತ್ತೇನೆ ಎನ್ನುವುದೂ ಒಂದು ಉತ್ತರವೇ.

ಮಾತು ಎರಡು ಕಡೆಯಿಂದಲೂ ನಡೆದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದ್ದೇ ಒಂದು ನಿದರ್ಶನವಿದೆ. 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ಡಿಜಿಟಲ್ ಗ್ರೀನ್ ಎಂಬ ಯೋಜನೆ ಆರಂಭವಾಯಿತು. ಗ್ರೀನ್ ಫೌಂಡೇಶನ್ ಎಂಬ ಸ್ವಯಂಸೇವಾ ಸಂಸ್ಥೆಯೊಡನೆ ಸೇರಿ 16 ಹಳ್ಳಿಗಳಲ್ಲಿ 13 ತಿಂಗಳು ಪ್ರಯೋಗ ನಡೆಸಿದರು. ವಿಜ್ಞಾನಿಯ ಭಾಷಣವನ್ನು ಚಿತ್ರೀಕರಿಸುವ ಬದಲು ಅಲ್ಲಿನ ರೈತರೇ ತಮ್ಮ ಹೊಲದಲ್ಲಿ ಕೆಲಸ ಮಾಡಿ ತೋರಿಸುವ ಕಿರುಚಿತ್ರಗಳನ್ನು ತೆಗೆದರು. ಊರಿನವರೇ ಆದ ಒಬ್ಬರು ಚಿತ್ರವನ್ನು ಗುಂಪಿಗೆ ತೋರಿಸುತ್ತ, ನಡುನಡುವೆ ನಿಲ್ಲಿಸಿ ಪ್ರಶ್ನೆ ಕೇಳುತ್ತಿದ್ದರು. ಸಾಮಾನ್ಯ ಪದ್ಧತಿಯ ವಿಸ್ತರಣೆಗೆ ಹೋಲಿಸಿದರೆ ಕೆಲವು ಬೇಸಾಯ ಕ್ರಮಗಳನ್ನು ಅಳವಡಿಸಿಕೊಂಡವರ ಸಂಖ್ಯೆ ಏಳು ಪಟ್ಟು ಹೆಚ್ಚಾಯಿತೆಂದು ಆ ಪ್ರಯೋಗದ ವರದಿ ಹೇಳುತ್ತದೆ. ಚಿತ್ರ ನೋಡಿದವರು ಮೊದಲು ಕೇಳುತ್ತಿದ್ದುದು ಆ ರೈತ ಯಾರು, ಯಾವ ಊರಿನವನು ಎಂದು. ಇದರಲ್ಲಿ ಆಶ್ಚರ್ಯವಿಲ್ಲ. ಐ.ಡಿ. ಹಳ್ಳಿಯವರು ಪುರವರದ ರೈತನನ್ನು ನಂಬುವಷ್ಟು ಬೆಂಗಳೂರಿನ ಪ್ರೊಫೆಸರನ್ನು ನಂಬಲಾರರು. ಪ್ರೊಫೆಸರುಗಳು ಬೇಸರಪಟ್ಟುಕೊಳ್ಳಬೇಕಾಗಿಲ್ಲ.

ಇನ್ನು ಸಲಹೆ ಯಾರಿಗೆ ಎಂಬ ವಿಚಾರ. ತುಮಕೂರು ಜಿಲ್ಲೆಗೆ ಎಂದು ಒಂದು ಸಂದೇಶ ಬರುತ್ತದೆ. ಜಿಲ್ಲೆ ಒಂದಾದರೂ ಹವಾಗುಣ ಒಂದಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಮಧ್ಯ ಒಣವಲಯಕ್ಕೆ ಸೇರಿದರೆ ತುಮಕೂರು, ಗುಬ್ಬಿಗಳು ಪೂರ್ವ ಒಣವಲಯಕ್ಕೂ ಕುಣಿಗಲ್, ತುರುವೇಕೆರೆಗಳು ದಕ್ಷಿಣ ಒಣವಲಯಕ್ಕೂ ಸೇರುತ್ತವೆ. ಕುಣಿಗಲ್ಲಿಗೆ ಒಪ್ಪುವ ಬಿತ್ತನೆ ಸಲಹೆಯನ್ನು ಮಿಡಿಗೇಶಿಯವನು ಪಾಲಿಸಿದರೆ ಬೀಜವೂ ಹೋಯಿತು, ಉಳುಮೆಯ ಕೂಲಿಯೂ ಹೋಯಿತು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗೊಂದರಂತೆ ಮಳೆಮಾಪಕವನ್ನೂ ಹೋಬಳಿಗೊಂದರಂತೆ ಹವಾಮಾನ ಯಂತ್ರವನ್ನೂ ಸ್ಥಾಪಿಸಿದೆ. ಇಷ್ಟು ಸೂಕ್ಷ್ಮವಾದ ಲೆಕ್ಕ ಕೈಯಲ್ಲಿರುವಾಗ ಇಡೀ ಜಿಲ್ಲೆಗೆ ಒಂದೇ ಸಾಲಿನ ಸಲಹೆ ಕಳುಹಿಸುವುದು ಸಲ್ಲದು. ನಿಮ್ಮ ಗುಂಪಿನಲ್ಲಿ ಹೋಬಳಿಯ ಮಳೆ ಎಷ್ಟಾಯಿತೆಂದು ಕೇಳುವ ಅಭ್ಯಾಸ ಮಾಡಿಕೊಳ್ಳಿ.

ಮಳೆಯಾಶ್ರಿತ ಕಡಲೆಕಾಯಿಯ ವಿಷಯದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಮತ್ತು ಶೇಷಗಿರಿರಾವ್ ಅವರು ಅನಂತಪುರ, ಪಾವಗಡ ಪ್ರದೇಶದಲ್ಲಿ ನಡೆಸಿದ ಅಧ್ಯಯನವನ್ನು ವಿಸ್ತರಣಾ ಮಿತ್ರರು ಗಮನಿಸಬೇಕು. ರೈತನ ಕೈಯಲ್ಲಿ ಬಿತ್ತನೆಯ ಕಾಲ, ತಳಿ, ಗೊಬ್ಬರ ಇವುಗಳಲ್ಲಿ ನಿಜವಾಗಿ ಯಾವ ಆಯ್ಕೆಗಳಿವೆ ಎಂಬುದನ್ನು ರೈತರಿಂದಲೇ ಕೇಳಿ ತಿಳಿದು, ಆ ಆಯ್ಕೆಗಳನ್ನು ಹಲವು ದಶಕಗಳ ಮಳೆಯ ದಾಖಲೆಯೊಡನೆ ಹೋಲಿಸಿ ನೋಡುವುದು ಅವರ ಕ್ರಮವಾಗಿತ್ತು. ಕೇಳುವುದು ಮೊದಲು, ಹೇಳುವುದು ಆಮೇಲೆ. ಆರಿದ್ರಾ ಮಳೆಗೆ ಬಿತ್ತಲು ಬೀಜವೇ ಕೈಗೆ ಬಂದಿಲ್ಲದವನಿಗೆ ಆರಿದ್ರೆಯಲ್ಲಿ ಬಿತ್ತಿರಿ ಎಂಬ ಸಂದೇಶದಿಂದ ಏನು ಪ್ರಯೋಜನ?

ಭಾಷೆಯ ಮಾತೂ ಇದೆ. ಮಡಕಶಿರಾ ಗಡಿಗೆ ಅಂಟಿಕೊಂಡ ನಮ್ಮ ಊರುಗಳಲ್ಲಿ, ಪಾವಗಡದಲ್ಲಿಯಂತೂ ಇನ್ನೂ ಹೆಚ್ಚಾಗಿ, ಮನೆಯಲ್ಲಿ ತೆಲುಗು ಆಡುವವರು ಬಹಳ. ಕಚೇರಿಯ ಕನ್ನಡದ ನಾಲ್ಕು ಪುಟದ ಪ್ರಕಟಣೆಗಿಂತ ನಮ್ಮೂರ ಮಾತಿನಲ್ಲಿ ಒಂದು ನಿಮಿಷದ ಧ್ವನಿ ಸಂದೇಶ ಹೆಚ್ಚು ಕೆಲಸ ಮಾಡುತ್ತದೆ. ಓದು ಬಾರದ ಹೆಣ್ಣುಮಕ್ಕಳಿಗೂ ಅದು ತಲುಪುತ್ತದೆ. ಕಳೆ ತೆಗೆಯುವವರೂ ಬೀಜ ಆರಿಸುವವರೂ ಅವರೇ ತಾನೆ? ಮೊಬೈಲ್ ಮಾತ್ರ ಗಂಡಸರ ಜೇಬಿನಲ್ಲಿರುತ್ತದೆ.

ಮಾರುವವರ ವಿಚಾರವನ್ನು ಬಿಚ್ಚಿಯೇ ಹೇಳುತ್ತೇನೆ. ಯೂಟ್ಯೂಬಿನಲ್ಲಿ ಯಾವ ಚಿತ್ರವನ್ನು ಜನ ಹೆಚ್ಚು ಹೊತ್ತು ನೋಡುತ್ತಾರೋ ಅಂಥದೇ ಮತ್ತೆ ಮತ್ತೆ ಕಣ್ಣಿಗೆ ಬೀಳುವಂತೆ ವ್ಯವಸ್ಥೆಯಿದೆ. ಎಕರೆಗೆ ಲಕ್ಷಗಟ್ಟಲೆ ಲಾಭ ಎಂಬ ಚಿತ್ರಕ್ಕೆ ನೋಡುಗರು ಸಿಗುತ್ತಾರೆ, ಹೂ ಬಿಡುವ ಕಾಲದಲ್ಲಿ ಜಿಪ್ಸಂ ಕೊಡಿ ಎಂಬ ಚಿತ್ರಕ್ಕೆ ಸಿಗುವುದಿಲ್ಲ. ಕಾಯಿ ಗಟ್ಟಿಯಾಗುವುದು ಜಿಪ್ಸಂನಿಂದಲೇ ಹೊರತು ಲಕ್ಷದ ಮಾತಿನಿಂದಲ್ಲ. ಹೊಸ ತಳಿಯ ಬೀಜವನ್ನು ಹೊಗಳುವ ಚಿತ್ರದ ಕೊನೆಯಲ್ಲಿ ಬೀಜ ಮಾರುವವನದೇ ಫೋನ್ ಸಂಖ್ಯೆಯಿದ್ದರೆ ಅದನ್ನು ಜಾಹೀರಾತೆಂದು ತಿಳಿಯಿರಿ. ಜಾಹೀರಾತೆಲ್ಲ ಸುಳ್ಳೆಂದು ನಾನು ಹೇಳುತ್ತಿಲ್ಲ. ಆ ಮಾತಿಗೆ ಮತ್ತೊಂದು ಸಾಕ್ಷಿ ಸಿಗುವವರೆಗೆ ಪೂರ್ತಿ ಹೊಲಕ್ಕೆ ಹಾಕದೆ ಎರಡು ಗುಂಟೆಯಲ್ಲಿ ಪರೀಕ್ಷಿಸಿ ಎನ್ನುತ್ತೇನೆ.

ತಾರೀಖಿಲ್ಲದ ಸಂದೇಶ ಇನ್ನೊಂದು ತೊಂದರೆ. ವಿಮೆಗೆ ನಾಳೆಯೇ ಕೊನೆಯ ದಿನ ಎಂಬ ಸಂದೇಶದಲ್ಲಿ ವರ್ಷವೇ ಇಲ್ಲದಿದ್ದರೆ ಅದು ಹೋದ ವರ್ಷದ್ದೂ ಆಗಿರಬಹುದು. ಹಲವು ಕೈ ದಾಟಿ ಬಂದ ಸಂದೇಶದ ಮೇಲೆ ವಾಟ್ಸಾಪ್ ಎರಡು ಬಾಣದ ಗುರುತು ಹಾಕುತ್ತದೆ. ಅದನ್ನು ಕಂಡರೆ ರೈತ ಸಂಪರ್ಕ ಕೇಂದ್ರದಲ್ಲಿ ಒಮ್ಮೆ ವಿಚಾರಿಸಿ. ಸರ್ಕಾರದ ಸಹಾಯಧನದ ಹೆಸರಿನಲ್ಲಿ ಯಾವುದೋ ಆಪ್ ಹಾಕಿಕೊಳ್ಳಿರೆಂದು ಫೈಲು ಬಂದರೆ ಅದನ್ನು ಒತ್ತಲೇಬಾರದು. ಇಂಥದರಿಂದ ಬ್ಯಾಂಕಿನ ಹಣ ಕಳೆದುಕೊಂಡವರಿದ್ದಾರೆ. ಸಂದೇಶ ಬರೆಯುವ ಕಾರ್ಯಕರ್ತರು ಪ್ರತಿಯೊಂದರ ಮೇಲೂ ದಿನಾಂಕ, ವರ್ಷ, ಯಾವ ಹೋಬಳಿಗೆ, ಬರೆದವರು ಯಾರು, ಈ ನಾಲ್ಕನ್ನು ತಪ್ಪದೆ ಹಾಕಬೇಕು.

ಸಂಸ್ಥೆಯ ಯೋಜನೆ ಮುಗಿದರೆ ಗುಂಪು ಅನಾಥವಾಗುವುದೂ ಉಂಟು. ಹವಾಮಾನ ಇಲಾಖೆ ಮತ್ತು ಕೃಷಿ ಸಂಶೋಧನಾ ಪರಿಷತ್ತು ಸೇರಿ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ನಡೆಸುತ್ತಿದ್ದ 199 ಜಿಲ್ಲಾ ಕೃಷಿ ಹವಾಮಾನ ಘಟಕಗಳನ್ನು 2024ರಲ್ಲಿ ಮುಚ್ಚಲಾಯಿತು. ವಾರಕ್ಕೆರಡು ಬಾರಿ, ಮಂಗಳವಾರ ಮತ್ತು ಶುಕ್ರವಾರ, ಅವು ಹೊರಡಿಸುತ್ತಿದ್ದ ಸಲಹೆಯನ್ನು ನೆಚ್ಚಿದ್ದ ರೈತರಿದ್ದರು. ಒಂದೇ ಬಾವಿಯನ್ನು ನೆಚ್ಚಬಾರದೆಂಬುದು ನಿಮಗೆ ತಿಳಿಯದ್ದೇನಲ್ಲ.

ಪ್ರಶ್ನೆ ಕಳುಹಿಸುವ ಕ್ರಮವನ್ನು ಹೇಳಿ ಮುಗಿಸುತ್ತೇನೆ. 2018ರ ಮೇ ತಿಂಗಳಿನಲ್ಲಿ ಮುಸುಕಿನ ಜೋಳದ ಫಾಲ್ ಸೈನಿಕ ಹುಳು ದೇಶದಲ್ಲೇ ಮೊದಲ ಬಾರಿಗೆ ಶಿವಮೊಗ್ಗದಲ್ಲಿ ಕಂಡಿತು. ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ ಅಕ್ಷರದ ಗೆರೆ, ಬಾಲದ ಬಳಿ ಚೌಕವಾಗಿ ನಾಲ್ಕು ಚುಕ್ಕೆ, ಇವೇ ಅದರ ಗುರುತು. ಹತ್ತಿರದಿಂದ ತೆಗೆದ ಸ್ಪಷ್ಟ ಫೋಟೋದಲ್ಲಿ ಇವನ್ನು ಗುರುತಿಸಬಹುದು, ದೂರದಿಂದ ತೆಗೆದ ಮಸುಕು ಫೋಟೋದಲ್ಲಿ ಸಾಧ್ಯವಿಲ್ಲ. ಕಡಲೆಕಾಯಿ ಎಲೆ ಹಳದಿಯಾಗುವುದಕ್ಕೆ ಕಬ್ಬಿಣದ ಕೊರತೆಯೂ ಕಾರಣವಾಗಬಹುದು, ಸಾರಜನಕದ ಕೊರತೆಯೂ ಆಗಬಹುದು, ನೀರು ನಿಂತದ್ದೂ ಆಗಬಹುದು. ಒಂದೇ ಎಲೆಯ ಫೋಟೋ ಕಳುಹಿಸಿ ಏನು ಹೊಡೆಯಲಿ ಸಾರ್ ಎಂದರೆ ಸರಿಯಾದ ಉತ್ತರ ಸಿಗದು.

ಹಗಲು ಬೆಳಕಿನಲ್ಲಿ ಮೂರು ಫೋಟೋ ತೆಗೆಯಿರಿ: ಇಡೀ ಹೊಲದ್ದೊಂದು, ಬೇರು ಸಮೇತ ಕಿತ್ತ ಗಿಡದ್ದೊಂದು, ಎಲೆಯ ಅಡಿಭಾಗದ್ದೊಂದು. ಹುಳುವಿದ್ದರೆ ಪಕ್ಕದಲ್ಲಿ ಒಂದು ನಾಣ್ಯ ಇಡಿ. ಊರು, ತಳಿ, ಬಿತ್ತಿ ಎಷ್ಟು ದಿನವಾಯಿತು, ಕೊನೆಯ ಮಳೆ ಎಂದು ಬಿತ್ತು, ಈಗಾಗಲೇ ಏನೇನು ಹಾಕಿದ್ದೀರಿ ಎಂಬುದನ್ನು ಬರೆಯಿರಿ, ಬರೆಯಲಾಗದಿದ್ದರೆ ಬಾಯಲ್ಲಿ ಹೇಳಿ ಕಳುಹಿಸಿ. ಹೀಗೆ ಬಂದ ಪ್ರಶ್ನೆಗೆ ಉತ್ತರ ಕೊಡದಿರಲು ಯಾವ ಅಧಿಕಾರಿಗೂ ನೆವ ಉಳಿಯುವುದಿಲ್ಲ. ಸ್ಮಾರ್ಟ್ ಫೋನ್ ಇಲ್ಲದವರು 2004ರಿಂದ ನಡೆಯುತ್ತಿರುವ ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆಗೆ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಸಾಧಾರಣ ಫೋನಿನಿಂದಲೇ ಖರ್ಚಿಲ್ಲದೆ ಕರೆ ಮಾಡಿ ಕನ್ನಡದಲ್ಲಿ ಕೇಳಬಹುದು. ಈಗ ನಿಮ್ಮ ಪ್ರಶ್ನೆಗಳಿದ್ದರೆ ಕೇಳಬೇಕೆಂದು ವಿನಂತಿಸುತ್ತೇನೆ. ಹಿಂದಿನ ಸಾಲಿನಲ್ಲಿ ಕುಳಿತಿರುವ ತಾಯಂದಿರು ಮೊದಲು ಕೇಳಲಿ.