ಯೆರಿಕೋ ಗೋಡೆ, ನರಗುಂದದ ಕೋಟೆ



ಬೈಬಲಿನ ಹಿಂಸೆ ಮತ್ತು ಅಹಿಂಸೆಯನ್ನು ಕುರಿತ ಚರ್ಚೆಗೆ ರೋಣ, ನರಗುಂದ, ಗಜೇಂದ್ರಗಡದ ಸೀಮೆ ತಕ್ಕ ಜಾಗ. ಕೋಟೆ ಬಿದ್ದರೆ ಊರಿನ ಗತಿ ಏನಾಗುತ್ತದೆ ಎಂಬುದನ್ನು ಇಲ್ಲಿನವರು ಪುಸ್ತಕ ಓದಿ ತಿಳಿಯಬೇಕಿಲ್ಲ.

ಕಂಪನಿ ಸರಕಾರ ನರಗುಂದದ ದೊರೆ ಬಾಬಾಸಾಹೇಬ ಭಾವೆಗೆ ದತ್ತಕದ ಹಕ್ಕು ಕೊಡಲಿಲ್ಲ; ಮೇಲಿಂದ ಆಯುಧ ಒಪ್ಪಿಸೆಂದು ಕೇಳಿತು. 1858ರ ಮೇ ಕೊನೆಯಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಸುರೇಬಾನದಲ್ಲಿ ತಂಗಿದ್ದ ರಾತ್ರಿ ಬಾಬಾಸಾಹೇಬನ ಕಡೆಯವರು ಮುತ್ತಿ ಅವನನ್ನು ಕೊಂದರು. ರುಂಡ ನರಗುಂದದ ಅಗಸೆಗೆ ಬಂತು. ವಾರ ತುಂಬುವುದರೊಳಗೆ ಕೋಟೆ ಬ್ರಿಟಿಷರ ವಶ. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲು. ಅವನ ತಾಯಿಯೂ ಹೆಂಡತಿಯೂ ಮಲಪ್ರಭೆಯ ಪಾಲಾದರು. ನರಗುಂದ ಅವನನ್ನು ಹುತಾತ್ಮನೆಂದು ನೆನೆಯುತ್ತದೆ, ನೆನೆಯಲೇಬೇಕು. ಹಾಗೆಂದು ಅಗಸೆಯ ಆ ರುಂಡವನ್ನು ಕತೆಯಿಂದ ತೆಗೆದುಹಾಕಲು ಬರುವುದಿಲ್ಲ.

ಬೈಬಲನ್ನೂ ಇದೇ ಎಚ್ಚರದಿಂದ ಓದಬೇಕು. ಯೆಹೋಶುವನ ಪುಸ್ತಕದಲ್ಲಿ ಏಳನೆಯ ದಿನ ಇಸ್ರಾಯೇಲ್ಯರ ಕೊಂಬುಗಳ ಸದ್ದಿಗೆ ಯೆರಿಕೋ ಗೋಡೆ ಕುಸಿಯುತ್ತದೆ. ಆಮೇಲೆ ಗಂಡಸರು, ಹೆಂಗಸರು, ಎಳೆಯರು, ಮುದುಕರು, ಎತ್ತು, ಕುರಿ, ಕತ್ತೆ ಎಲ್ಲವೂ ಕತ್ತಿಗೆ ಬಲಿ. ಉಳಿದದ್ದು ವೇಶ್ಯೆ ರಾಹಾಬಳ ಮನೆಯವರು ಮಾತ್ರ. 1952ರಿಂದ 1958ರವರೆಗೆ ಅಲ್ಲಿ ಉತ್ಖನನ ನಡೆಸಿದ ಕ್ಯಾಥ್ಲೀನ್ ಕೆನ್ಯನ್‌ಗೆ ಯೆಹೋಶುವನ ಕಾಲದ ಕೋಟೆಗೋಡೆ ಸಿಗಲಿಲ್ಲ. ಹಾಗಾದರೆ ಕೊಲೆಯೇ ನಡೆದಿಲ್ಲ ಎಂದು ನಿಟ್ಟುಸಿರು ಬಿಡುವವರಿದ್ದಾರೆ. ಅದು ಅಗ್ಗದ ಸಮಾಧಾನ. ನಡೆಯದಿದ್ದರೂ ಅದನ್ನು ದೇವರ ಅಪ್ಪಣೆಯೆಂದೇ ಬರೆದಿಡಲಾಗಿದೆಯಲ್ಲ!

ಬರೆದವರು ಯಾರು? ಅಸ್ಸೀರಿಯ, ಬಾಬೆಲಿನ ಸೈನ್ಯಗಳಡಿ ನಲುಗಿದ ಪುಟ್ಟ ಜನಾಂಗವೊಂದು ಈ ಕತೆಗೆ ಈಗಿನ ರೂಪ ಕೊಟ್ಟಿತೆಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಸೋತವರ ಕನಸು ಅದು. ಆದರೆ ಅದೇ ಪುಟಗಳನ್ನು ಹಿಡಿದು ಅಮೆರಿಕಕ್ಕೆ ಹೋದ ಪ್ಯೂರಿಟನ್ನರು ಅಲ್ಲಿನ ಮೂಲನಿವಾಸಿಗಳನ್ನು ಯೆರಿಕೋದವರಂತೆ ಕಾನಾನ್ಯರೆಂದು ಕರೆದರು. ಪಠ್ಯ ಯಾರ ಕೈಯಲ್ಲಿದೆ ಎಂಬುದನ್ನು ಕೇಳದ ವ್ಯಾಖ್ಯಾನ ಅರ್ಧ ವ್ಯಾಖ್ಯಾನ.

ಹೊಸ ಒಡಂಬಡಿಕೆಗೆ ಓಡಿಹೋದರೂ ಬಿಡುಗಡೆಯಿಲ್ಲ. ಎರಡನೆಯ ಶತಮಾನದಲ್ಲಿ ಮಾರ್ಸಿಯನ್ ಎಂಬವನು ಹಳೆಯ ಒಡಂಬಡಿಕೆಯನ್ನೇ ಕೈಬಿಡೋಣ ಎಂದ, ಕ್ರೈಸ್ತ ಸಭೆ ಒಪ್ಪಲಿಲ್ಲ. ಲೂಕನ ಸುವಾರ್ತೆಯ ಒಂದೇ ಅಧ್ಯಾಯದಲ್ಲಿ ಯೇಸು ಮೇಲಂಗಿ ಮಾರಿಯಾದರೂ ಕತ್ತಿ ಕೊಳ್ಳಿರಿ ಎಂಬರ್ಥದ ಮಾತಾಡುತ್ತಾನೆ. ಅದೇ ರಾತ್ರಿ ಶಿಷ್ಯನ ಕತ್ತಿಯಿಂದ ಕಿವಿ ಕಳೆದುಕೊಂಡ ಆಳನ್ನು ಮುಟ್ಟಿ ಗುಣಪಡಿಸುತ್ತಾನೆ. ಅತ್ತ ಹಳೆಯ ಒಡಂಬಡಿಕೆಯಲ್ಲೂ ಇದೇ ಇಬ್ಬಂದಿ: ಕತ್ತಿಗಳನ್ನು ನೇಗಿಲಿನ ಗುಳಗಳಾಗಿ ಬಡಿಯುವ ದಿನವನ್ನು ಪ್ರವಾದಿ ಯೆಶಾಯ ಕಾಣುತ್ತಾನೆ. ಇನ್ನೊಬ್ಬ ಪ್ರವಾದಿ ಯೋವೇಲನ ಕರೆ ನೇರ ತಿರುಗುಮುರುಗು: ಗುಳಗಳೇ ಕತ್ತಿಯಾಗಲಿ.

ನೇಗಿಲು ಹಿಡಿದವರ ಊರಿನಲ್ಲಿ ಇದು ಬರಿಯ ರೂಪಕವಲ್ಲ. 1980ರ ಜುಲೈ 21ರಂದು ಮಲಪ್ರಭಾ ಅಚ್ಚುಕಟ್ಟಿನ ಕರದ ವಿರುದ್ಧ ನರಗುಂದದಲ್ಲಿ ಸೇರಿದ ರೈತರ ಮೇಲೆ ಗೋಲಿಬಾರು ನಡೆದು ವೀರಪ್ಪ ಕಡ್ಲಿಕೊಪ್ಪ ಸತ್ತರು. ಕೆರಳಿದ ಗುಂಪಿನ ಕೈಯಲ್ಲಿ ಪೊಲೀಸರೂ ಪ್ರಾಣ ಬಿಟ್ಟರು. ಇನ್ನು ಗಜೇಂದ್ರಗಡದಲ್ಲಿ 1787ರಲ್ಲಿ ಮರಾಠರು, ನಿಜಾಮ, ಟಿಪ್ಪು ಒಪ್ಪಂದ ಮಾಡಿಕೊಂಡರು. 1790ರಲ್ಲಿ ಮತ್ತೆ ಯುದ್ಧ. ಶಾಂತಿಯಿಲ್ಲದ ಕಡೆ ಶಾಂತಿ ಸಾರುವವರ ಮೇಲೆ ಪ್ರವಾದಿ ಯೆರೆಮೀಯ ಸಿಟ್ಟಾದದ್ದು ಇಂಥದ್ದಕ್ಕೇ.

ಪ್ರಬಂಧ ಮಂಡಿಸುವ ವಿದ್ವಾಂಸರಲ್ಲಿ ಒಂದು ವಿನಂತಿ. ಯೇಸುವಿನ ಪರ್ವತ ಪ್ರಸಂಗದ ಬಗ್ಗೆ ಮಾತಾಡುವವರು ಯೆಹೋಶುವನ ಆರನೆಯ ಅಧ್ಯಾಯವನ್ನೂ ಈ ಸಭೆಯಲ್ಲಿ ಗಟ್ಟಿಯಾಗಿ ಓದಲಿ, ಓದಿದ ಮೇಲೆಯೇ ಚರ್ಚೆ ಆರಂಭಿಸಲಿ.