ಆ ದೂರು ನಾಳೆ ನಿಮ್ಮ ಮೇಜಿಗೆ ಬರುತ್ತದೆ

2024ರ ಜುಲೈ 27ರ ಸಂಜೆ ದೆಹಲಿಯ ಓಲ್ಡ್ ರಾಜಿಂದರ್ ನಗರದಲ್ಲಿ ಮಳೆಯ ನೀರು ಕೋಚಿಂಗ್ ಕೇಂದ್ರವೊಂದರ ನೆಲಮಾಳಿಗೆಗೆ ನುಗ್ಗಿತು. ಸಾಮಾನು ಇಡಲಷ್ಟೇ ಅನುಮತಿಯಿದ್ದ ಆ ಜಾಗದಲ್ಲಿ ಗ್ರಂಥಾಲಯ ನಡೆಯುತ್ತಿತ್ತು. ಐಎಎಸ್ ಕನಸು ಹೊತ್ತು ಬಂದಿದ್ದ ಮೂವರು ಅಲ್ಲೇ ಮುಳುಗಿ ಸತ್ತರು. ಆ ಗ್ರಂಥಾಲಯ ಅಕ್ರಮವೆಂದು ಅಭ್ಯರ್ಥಿಯೊಬ್ಬರು ತಿಂಗಳ ಹಿಂದೆಯೇ ದೂರು ಕೊಟ್ಟಿದ್ದರು.

ಕಲಬುರಗಿಯಿಂದ, ಹಾಸನದಿಂದ, ಶಿರಸಿಯಿಂದ ಹೋಗಿ ಅದೇ ಗಲ್ಲಿಗಳಲ್ಲಿ ಓದುತ್ತಿರುವ ತಮ್ಮಂದಿರೇ, ತಂಗಿಯರೇ, ಜಿಎಸ್ ಪೇಪರ್ 3ಕ್ಕಾಗಿ ನೀವು ಉರು ಹೊಡೆಯುವ ಹವಾಮಾನ ಬದಲಾವಣೆ ನಿಮ್ಮದೇ ಬೀದಿಯ ವಿಷಯ. ಆ ಸಾವುಗಳನ್ನು ಹವಾಮಾನದ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ಅನ್ಯಾಯ. ಕೊಂದದ್ದು ಮನುಷ್ಯರ ನಿರ್ಲಕ್ಷ್ಯ. ಆದರೆ ಬಿಸಿಯಾಗುತ್ತಿರುವ ಭೂಮಿ ಇಂಥ ಪ್ರತಿ ನಿರ್ಲಕ್ಷ್ಯವನ್ನೂ ಇನ್ನಷ್ಟು ಮಾರಕವಾಗಿಸುತ್ತದೆ. ಗಾಳಿಯ ಬಿಸಿ 1 ಡಿಗ್ರಿ ಏರಿದರೆ ಅದು ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಸುರಿಯುವಾಗ ಅಷ್ಟೇ ಜೋರಾಗಿ ಸುರಿಯುತ್ತದೆ. ಅದೇ ವರ್ಷದ ಜೂನ್ 28ರಂದು ದೆಹಲಿಯ ಸಫ್ದರ್‌ಜಂಗ್‌ನಲ್ಲಿ 24 ಗಂಟೆಗಳಲ್ಲಿ 228.1 ಮಿ.ಮೀ. ಮಳೆ ದಾಖಲಾಯಿತು. ದೆಹಲಿ ಆಗಲೂ ನಂಬಿಕೊಂಡಿದ್ದದ್ದು 1976ರ ಚರಂಡಿ ಯೋಜನೆಯನ್ನು.

ಈ ಬಿಸಿಯೇರಿಕೆಗೆ ಸೂರ್ಯನೇ ಕಾರಣವಿರಬಾರದೇಕೆ ಎಂದು ಕೇಳುವವರಿದ್ದಾರೆ. ಸೂರ್ಯ ಕಾರಣವಾಗಿದ್ದರೆ ವಾತಾವರಣದ ಮೇಲಿನ ಪದರವೂ ಕಾಯಬೇಕಿತ್ತು. ಆದರೆ ಕೆಳಗೆ ಕಾಯುತ್ತಿದೆ, ಮೇಲೆ ತಣಿಯುತ್ತಿದೆ. ಕಲ್ಲಿದ್ದಲು, ತೈಲ ಸುಟ್ಟು 280 ಪಿಪಿಎಂ ಇದ್ದ ಇಂಗಾಲದ ಡೈಆಕ್ಸೈಡನ್ನು 420 ದಾಟಿಸಿದವರು ನಾವು.

ಕಾಲ ಮಿಂಚಿಹೋಯಿತೇ? 2024ರಲ್ಲಿ ಜಗತ್ತಿನ ಸರಾಸರಿ ತಾಪ ಕೈಗಾರಿಕಾಪೂರ್ವ ಮಟ್ಟಕ್ಕಿಂತ ಸುಮಾರು 1.5 ಡಿಗ್ರಿ ಮೇಲೇರಿದ್ದು ನಿಜ. ಆದರೂ ಇಂಗಾಲದ ನಿವ್ವಳ ಹೊರಸೂಸುವಿಕೆ ಸೊನ್ನೆಗೆ ಬಂದರೆ ಏರಿಕೆ ಬಹುಪಾಲು ನಿಲ್ಲುತ್ತದೆ ಎನ್ನುತ್ತದೆ ವಿಜ್ಞಾನ. ಉಳಿಸುವ ಪ್ರತಿ ಟನ್ನಿಗೂ ಬೆಲೆಯಿದೆ. ಬರಕ್ಕೇ ಹೆಸರಾದ ಪಾವಗಡದಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ಎದ್ದು ನಿಂತಿದೆ. ಹತಾಶರಾಗುವ ಹಕ್ಕು ನಮಗಿಲ್ಲ.

2024ರಲ್ಲೇ ಸುಪ್ರೀಂ ಕೋರ್ಟ್, ರಣಜಿತ್‌ಸಿಂಹ ಪ್ರಕರಣದಲ್ಲಿ, ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತರಾಗಿರುವ ಹಕ್ಕನ್ನು ಸಂವಿಧಾನದ 14 ಮತ್ತು 21ನೇ ವಿಧಿಗಳಲ್ಲಿ ಕಂಡಿತು. ಉತ್ತರಪತ್ರಿಕೆಯಲ್ಲಿ ಬರೆದು ಮರೆಯಬೇಡಿ. ಅದು ನಿಮ್ಮ ಕೈಯ ಆಯುಧ. ಆಯ್ಕೆಯಾಗದೆ ಊರಿಗೆ ಮರಳಿದರೂ ಹಿಡಿಯಬಹುದಾದ ಆಯುಧ.

ಇಂದು ನೀವು ಓದಲು ಕೂರುವ ಕೋಣೆಗೆ ಎರಡನೇ ಬಾಗಿಲಿದೆಯೇ ನೋಡಿ. ಇಲ್ಲವಾದರೆ ಬರೆದು ದೂರು ಕೊಡಿ, ಒಬ್ಬರಲ್ಲ, ನೂರು ಜನ ಕೊಡಿ. ಮುಂದೊಂದು ದಿನ ಅಂಥದೇ ದೂರು ನಿಮ್ಮ ಮೇಜಿಗೆ ಬರುತ್ತದೆ. ಬಂದ ದಿನವೇ ಎದ್ದು, ಆ ನೆಲಮಾಳಿಗೆಗೆ ನೀವೇ ಇಳಿದು ನೋಡಿ.